ಯಾರೂ ಕೊಳ್ಳದ ನೇಗಿಲು: ಲಕ್ಷ್ಮಣರಾವ್ ಕಿರ್ಲೋಸ್ಕರ್

ಮಕ್ಕಳೇ, ನಿಮ್ಮ ಊರಿಗೆ ಒಂದು ಹೊಸ ಯಂತ್ರ ಬಂದಿದೆ ಎಂದುಕೊಳ್ಳಿ. ಅದು ಬಟ್ಟೆ ಒಗೆಯುವ ಯಂತ್ರವೇ ಇರಲಿ, ರಾಗಿ ಬಡಿಯುವ ಯಂತ್ರವೇ ಇರಲಿ. ಮನೆಯ ಹಿರಿಯರು ಮೊದಲು ಏನು ಕೇಳುತ್ತಾರೆ? ಎಷ್ಟು ದಿನ ಬಾಳಿಕೆ ಬರುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಯಾರು, ಇದರಿಂದ ಏನಾದರೂ ತೊಂದರೆ ಆಗುತ್ತದೆಯೇ ಎಂದು ಕೇಳುತ್ತಾರೆ. ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗುವವರೆಗೂ ಅವರು ದುಡ್ಡು ಬಿಚ್ಚುವುದಿಲ್ಲ.

ಯಂತ್ರವನ್ನು ತಯಾರಿಸುವುದು ಒಂದು ಕೆಲಸ. ಅದನ್ನು ಜನ ನಂಬಿ ಕೊಳ್ಳುವಂತೆ ಮಾಡುವುದು ಇನ್ನೊಂದು ಕೆಲಸ. ಈ ಎರಡೂ ಕೆಲಸಗಳನ್ನು ನಮ್ಮ ನಾಡಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಮಾಡಿ ತೋರಿಸಿದವರು ಲಕ್ಷ್ಮಣರಾವ್ ಕಿರ್ಲೋಸ್ಕರ್. ತೋಟದ ಪಂಪ್‌ಸೆಟ್ ಮೇಲೆ ಕಿರ್ಲೋಸ್ಕರ್ ಎಂಬ ಹೆಸರನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಆ ಹೆಸರಿನ ಹಿಂದೆ ಇರುವ ಮನುಷ್ಯ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿದವರು ಎಂಬುದು ಎಷ್ಟು ಜನರಿಗೆ ಗೊತ್ತು?

ಬಣ್ಣ ಕಾಣದ ಕಣ್ಣು

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ತಂದೆ ಕಾಶೀನಾಥಪಂತರು ವೇದಾಂತ ಬಲ್ಲ ಪಂಡಿತರು. ಮಗನೂ ಚೆನ್ನಾಗಿ ಓದಲಿ ಎಂಬುದು ಅವರ ಆಸೆ. ಆದರೆ ಬಾಲಕ ಲಕ್ಷ್ಮಣನ ಮನಸ್ಸು ಪುಸ್ತಕಕ್ಕಿಂತ ಹೆಚ್ಚಾಗಿ ಎರಡು ವಿಷಯಗಳಲ್ಲಿತ್ತು. ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರಗಳನ್ನು ಬಿಚ್ಚಿ ನೋಡುವುದು.

1885ರಲ್ಲಿ, ತಂದೆಗೆ ಇಷ್ಟವಿಲ್ಲದಿದ್ದರೂ, ಅವರು ಮುಂಬಯಿಗೆ ಹೋಗಿ ಜೆ.ಜೆ. ಕಲಾಶಾಲೆಗೆ ಸೇರಿದರು. ಅಣ್ಣ ರಾಮುವಣ್ಣ ತಮ್ಮನ ಬೆನ್ನಿಗೆ ನಿಂತರು. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎನ್ನುವಾಗಲೇ ಒಂದು ತೊಡಕು ಬಂತು. ಲಕ್ಷ್ಮಣರಾಯರಿಗೆ ಕೆಲವು ಬಣ್ಣಗಳ ನಡುವಿನ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಅವರಿಗೆ ಭಾಗಶಃ ಬಣ್ಣಗುರುಡು ಇತ್ತು.

ನಮ್ಮ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ ಶಂಕುವಿನ ಆಕಾರದ ಕೋಶಗಳಿವೆ. ಅವುಗಳಲ್ಲಿ ಮೂರು ಬಗೆ. ಒಂದೊಂದು ಬಗೆಯೂ ಬೆಳಕಿನ ಒಂದೊಂದು ಭಾಗವನ್ನು ಹೆಚ್ಚಾಗಿ ಗ್ರಹಿಸುತ್ತದೆ. ಇವುಗಳಲ್ಲಿ ಒಂದು ಬಗೆ ಸರಿಯಾಗಿ ಕೆಲಸ ಮಾಡದಿದ್ದರೆ ಕೆಂಪು ಯಾವುದು, ಹಸಿರು ಯಾವುದು ಎಂದು ಗುರುತಿಸುವುದು ಕಷ್ಟ. ಇದು ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುತ್ತದೆ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಇದು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ರೋಗವಲ್ಲ.

ಬಣ್ಣದ ಚಿತ್ರಕಾರನಾಗುವ ಕನಸು ಅಲ್ಲಿಗೆ ನಿಂತಿತು. ಆದರೆ ಅವರು ಊರಿಗೆ ಹಿಂದಿರುಗಲಿಲ್ಲ. ಯಂತ್ರಗಳ ನಕ್ಷೆ ಬರೆಯಲು ಬಣ್ಣ ಬೇಕಿಲ್ಲ. ನೇರವಾದ ಗೆರೆ, ಸರಿಯಾದ ಅಳತೆ ಇದ್ದರೆ ಸಾಕು. ಲಕ್ಷ್ಮಣರಾಯರು ಅದನ್ನೇ ಮನಸ್ಸಿಟ್ಟು ಕಲಿತರು. ಮುಂದೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯ ಕಲಿಸುವ ಉಪಾಧ್ಯಾಯರಾದರು. ಪಾಠ ಮುಗಿದ ಮೇಲೆ ಅಲ್ಲಿನ ಕಾರ್ಯಾಗಾರಕ್ಕೆ ಹೋಗಿ ಯಂತ್ರಗಳ ಜೊತೆ ಕೆಲಸ ಮಾಡುತ್ತ ಕೈ ಪಳಗಿಸಿಕೊಂಡರು.

ಸೈಕಲ್ ಅಂಗಡಿಯಿಂದ ಆರಂಭ

ಆಗ ಸೈಕಲ್ ಎಂಬುದು ನಮ್ಮ ದೇಶಕ್ಕೆ ಹೊಸತು. ನೂರಾರು ರೂಪಾಯಿ ಬೆಲೆ. ಸಾಮಾನ್ಯ ಜನ ಅದನ್ನು ನಿಂತು ನೋಡುತ್ತಿದ್ದರೇ ಹೊರತು ಕೊಳ್ಳುವಂತಿರಲಿಲ್ಲ. 1888ರಲ್ಲಿ ಲಕ್ಷ್ಮಣರಾಯರು ಮತ್ತು ರಾಮುವಣ್ಣ ಸೇರಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರ ಶುರು ಮಾಡಿದರು. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು ಎಂದು ಕೆಲಸ ಹಂಚಿಕೊಂಡರು. ಸೈಕಲ್ ಹತ್ತಲು ಬಾರದವರಿಗೆ ಶುಲ್ಕ ಪಡೆದು ಕಲಿಸಿಕೊಡುವುದೂ ಇತ್ತು, ಕೆಟ್ಟ ಸೈಕಲ್‌ಗಳ ರಿಪೇರಿಯೂ ಇತ್ತು.

ಈ ಚಿಕ್ಕ ಅಂಗಡಿಯಲ್ಲಿ ದೊಡ್ಡ ಪಾಠವೊಂದು ಅಡಗಿದೆ. ಯಂತ್ರ ಮಾರಿದರೆ ಕೆಲಸ ಮುಗಿಯುವುದಿಲ್ಲ. ಅದನ್ನು ಬಳಸಲು ಕಲಿಸಬೇಕು, ಕೆಟ್ಟರೆ ಸರಿಮಾಡಿಕೊಡಬೇಕು. ಮುಂದೆ ನೇಗಿಲು ಮಾರುವಾಗಲೂ ಇದೇ ಪಾಠ ಬೇಕಾಯಿತು.

ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಸಿಗಬೇಕಿದ್ದ ಬಡ್ತಿ ಬೇರೆಯವರ ಪಾಲಾಯಿತು. ಅದು ಬ್ರಿಟಿಷರ ಆಳ್ವಿಕೆಯ ಕಾಲ. ಅರ್ಹತೆ ಇದ್ದರೂ ಭಾರತೀಯರನ್ನು ಬದಿಗೆ ಸರಿಸುವುದು ಆಗ ಅಪರೂಪವೇನೂ ಆಗಿರಲಿಲ್ಲ. ಅವರು ಕೆಲಸ ಬಿಟ್ಟು ಬೆಳಗಾವಿಗೆ ಬಂದು, ಅಣ್ಣನ ಜೊತೆ ಪೂರ್ತಿಯಾಗಿ ವ್ಯಾಪಾರಕ್ಕೆ ಇಳಿದರು.

ಸೈಕಲ್ ಹೊರದೇಶದಲ್ಲಿ ತಯಾರಾಗುತ್ತಿತ್ತು. ಬೇರೆಯವರು ಮಾಡಿದ್ದನ್ನು ಮಾರುವುದರಲ್ಲಿ ಅವರಿಗೆ ತೃಪ್ತಿ ಸಿಗಲಿಲ್ಲ. ಸುತ್ತಲಿನ ಜನರಿಗೆ ನಿಜವಾಗಿ ಬೇಕಾದ ಯಂತ್ರ ಯಾವುದು ಎಂದು ಯೋಚಿಸಿದರು. ಸುತ್ತಲಿನವರಲ್ಲಿ ಹೆಚ್ಚಿನವರು ಬೇಸಾಯಗಾರರು. ಹೀಗಾಗಿ ದನಗಳಿಗೆ ಮೇವು ಕತ್ತರಿಸುವ ಯಂತ್ರ ಮತ್ತು ಕಬ್ಬಿಣದ ನೇಗಿಲನ್ನು ತಾವೇ ತಯಾರಿಸಲು ತೊಡಗಿದರು. ಇಂಗ್ಲಿಷಿನಲ್ಲಿ ಬರುತ್ತಿದ್ದ ತಂತ್ರಜ್ಞಾನದ ಪುಸ್ತಕ, ಪತ್ರಿಕೆಗಳನ್ನು ಓದಿ ತಮಗೆ ತಾವೇ ಕಲಿತರು.

ಮರದ ನೇಗಿಲು, ಕಬ್ಬಿಣದ ನೇಗಿಲು

ನಮ್ಮ ಹಳೆಯ ನೇಗಿಲು ಮರದ್ದು. ಉತ್ತರ ಕರ್ನಾಟಕದಲ್ಲಿ ಇದನ್ನು ರಂಟೆ ಎನ್ನುವುದುಂಟು. ಇದರ ತುದಿಗೆ ಕಬ್ಬಿಣದ ಒಂದು ಕುಳ ಇರುತ್ತದೆ. ಎತ್ತುಗಳು ಎಳೆದಾಗ ಕುಳ ನೆಲವನ್ನು ಸೀಳುತ್ತದೆ. ಸೀಳಿದ ಸಾಲು ಮೇಲೆ ಅಗಲ, ಕೆಳಗೆ ಕಿರಿದು. ಎರಡು ಸಾಲುಗಳ ನಡುವೆ ಉಳದ ಮಣ್ಣು ಉಳಿದುಬಿಡುತ್ತದೆ. ಆದ್ದರಿಂದ ಅದೇ ಹೊಲವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹಲವು ಸಲ ಉಳಬೇಕು.

ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ಬಾಗಿದ ಒಂದು ಹಲಗೆ ಇರುತ್ತದೆ. ಅದು ಹಕ್ಕಿಯ ರೆಕ್ಕೆಯಂತೆ ಕಾಣುವುದರಿಂದ ಇದಕ್ಕೆ ರೆಕ್ಕೆ ನೇಗಿಲು ಎಂದೂ ಹೆಸರು. ಕುಳ ಕತ್ತರಿಸಿದ ಮಣ್ಣು ಈ ರೆಕ್ಕೆಯ ಮೇಲೆ ಏರಿ, ಮಗುಚಿ ಪಕ್ಕಕ್ಕೆ ಬೀಳುತ್ತದೆ. ಕಳೆ ಮತ್ತು ಹಳೆಯ ಬೆಳೆಯ ಕೂಳೆ ಮಣ್ಣಿನ ಅಡಿಗೆ ಹೋಗಿ ಕೊಳೆಯುತ್ತವೆ. ಉಳುಮೆ ಆಳವಾಗುತ್ತದೆ, ನಡುವೆ ಮಣ್ಣು ಉಳಿಯುವುದಿಲ್ಲ.

ಇಷ್ಟು ಒಳ್ಳೆಯ ನೇಗಿಲು ಬಂದರೆ ರೈತರು ಮುಗಿಬಿದ್ದು ಕೊಳ್ಳಬೇಕಲ್ಲವೇ? ನಡೆದದ್ದೇ ಬೇರೆ. ನೇಗಿಲುಗಳು ಅಂಗಡಿಯಲ್ಲೇ ಕುಳಿತವು. ಮೊದಲ ನೇಗಿಲು ಮಾರಾಟವಾಗಲು ಸುಮಾರು 2 ವರ್ಷ ಹಿಡಿಯಿತು ಎಂದು ಆ ಸಂಸ್ಥೆಯ ಚರಿತ್ರೆ ಹೇಳುತ್ತದೆ. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷವಾಗುತ್ತದೆ, ಬೆಳೆ ಬರುವುದಿಲ್ಲ ಎಂಬ ಭಯ ರೈತರಲ್ಲಿತ್ತು.

ನಗಬೇಡಿ ಮಕ್ಕಳೇ. ಇದೇ ಭಯ ಅಮೆರಿಕದ ರೈತರಲ್ಲೂ ಇತ್ತು. ಅಲ್ಲಿ ಚಾರ್ಲ್ಸ್ ನ್ಯೂಬೋಲ್ಡ್ ಎಂಬುವರು 1797ರಲ್ಲಿ ಎರಕದ ಕಬ್ಬಿಣದ ನೇಗಿಲಿಗೆ ಪೇಟೆಂಟ್ ಪಡೆದರು. ಕಬ್ಬಿಣ ಮಣ್ಣನ್ನು ಕೆಡಿಸುತ್ತದೆ, ಕಳೆ ಹೆಚ್ಚಿಸುತ್ತದೆ ಎಂದು ಅಲ್ಲಿನ ರೈತರೂ ಹಿಂಜರಿದರು. ಬಹಳ ಹಣ ಖರ್ಚು ಮಾಡಿದ ಮೇಲೆ ನ್ಯೂಬೋಲ್ಡ್ ಆ ಕೆಲಸವನ್ನೇ ಕೈಬಿಟ್ಟರು. ಅವರ ನೇಗಿಲು ಒಂದೇ ಎರಕದಲ್ಲಿ ಮಾಡಿದ್ದು. ಒಂದು ಕಡೆ ಮುರಿದರೆ ಇಡೀ ನೇಗಿಲೇ ಹಾಳು. 1819ರಲ್ಲಿ ಜೆಥ್ರೋ ವುಡ್ ಎಂಬುವರು ಭಾಗ ಭಾಗವಾಗಿ ಬಿಚ್ಚಿ ಬದಲಾಯಿಸಬಹುದಾದ ನೇಗಿಲಿಗೆ ಪೇಟೆಂಟ್ ಪಡೆದರು. ಸವೆದ ಕುಳವನ್ನಷ್ಟೇ ತೆಗೆದು ಹೊಸದನ್ನು ಹಾಕಿದರೆ ಸಾಕು. ಕಬ್ಬಿಣದ ನೇಗಿಲು ಅಲ್ಲಿ ಜನಪ್ರಿಯವಾಗಲು ಇದೂ ಒಂದು ಕಾರಣ.

ರೈತರ ಅನುಮಾನಕ್ಕೆ ಅರ್ಥವಿತ್ತು

ಕಬ್ಬಿಣ ನಿಜವಾಗಿಯೂ ಮಣ್ಣಿಗೆ ವಿಷವೇ? ಅಲ್ಲ. ಭೂಮಿಯ ಹೊರಪದರದಲ್ಲಿ ಹೇರಳವಾಗಿ ಸಿಗುವ ಧಾತುಗಳಲ್ಲಿ ಆಮ್ಲಜನಕ, ಸಿಲಿಕಾನ್, ಅಲ್ಯೂಮಿನಿಯಂ ಆದ ಮೇಲೆ ಕಬ್ಬಿಣದ್ದೇ ಸ್ಥಾನ. ಭೀಮನಬೀಡು ಇರುವ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಹಲವು ಕಡೆ ಕೆಂಪು ಮಣ್ಣಿದೆ. ಆ ಕೆಂಪು ಬಣ್ಣ ಬಂದದ್ದೇ ಕಬ್ಬಿಣದ ಆಕ್ಸೈಡ್‌ನಿಂದ. ತುಕ್ಕು ಹಿಡಿದ ಮೊಳೆಯ ಬಣ್ಣವನ್ನೂ ಹೊಲದ ಮಣ್ಣಿನ ಬಣ್ಣವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗಿಡಗಳಿಗೂ ಸ್ವಲ್ಪ ಕಬ್ಬಿಣ ಬೇಕೇ ಬೇಕು. ಅದು ಸಿಗದಿದ್ದರೆ ಎಳೆಯ ಎಲೆಗಳು ಹಳದಿಯಾಗುತ್ತವೆ. ಅದೂ ಅಲ್ಲದೆ ಮರದ ನೇಗಿಲಿನ ಕುಳವೂ ಕಬ್ಬಿಣದ್ದೇ!

ವಿಷದ ಭಯ ತಪ್ಪು, ನಿಜ. ಆದರೆ ರೈತರನ್ನು ಮೂಢರು ಎಂದುಬಿಡುವುದೂ ತಪ್ಪು. ಅವರ ಕಷ್ಟವನ್ನು ಯೋಚಿಸಿ. ಮರದ ನೇಗಿಲು ಮುರಿದರೆ ಊರಿನ ಬಡಗಿ ಅಂದೇ ಸರಿಮಾಡಿಕೊಡುತ್ತಾನೆ. ಕುಳ ಮೊಂಡಾದರೆ ಕಮ್ಮಾರ ತಟ್ಟಿ ಹರಿತ ಮಾಡುತ್ತಾನೆ. ಕಬ್ಬಿಣದ ನೇಗಿಲು ಮುರಿದರೆ ಯಾರ ಬಳಿ ಹೋಗಬೇಕು? ಮಳೆ ಬಿದ್ದ ಮೇಲೆ ಹದ ಇರುವುದು ಕೆಲವೇ ದಿನ. ಆ ದಿನಗಳಲ್ಲಿ ನೇಗಿಲು ಕೈಕೊಟ್ಟರೆ ಇಡೀ ವರ್ಷದ ಅನ್ನಕ್ಕೇ ಕುತ್ತು. ಆಳವಾಗಿ ಉಳಲು ಎತ್ತುಗಳಿಗೂ ಹೆಚ್ಚು ಬಲ ಬೇಕು. ಅಷ್ಟೊಂದು ಅಪಾಯ ಇರುವಾಗ ನಾಲ್ಕು ದಿನ ಕಾದು ನೋಡೋಣ ಎನ್ನುವುದು ಸಹಜ.

ಹಾಗಾದರೆ ನೇಗಿಲು ಮಾಡುವವರ ಮುಂದೆ ಇರುವ ದಾರಿ ಒಂದೇ. ನೇಗಿಲು ಗಟ್ಟಿಯಾಗಿರಬೇಕು, ಬೇಗ ಸವೆಯಬಾರದು, ಸವೆದರೆ ಆ ಭಾಗ ಸುಲಭವಾಗಿ ಸಿಗಬೇಕು.

ಕಬ್ಬಿಣ ಗಟ್ಟಿಯಾಗುವುದು ಹೇಗೆ?

ನೇಗಿಲಿನ ಕುಳ ದಿನವಿಡೀ ಮರಳು, ಕಲ್ಲುಗಳಿಗೆ ಉಜ್ಜುತ್ತದೆ. ಮೆತ್ತಗಿನ ಕಬ್ಬಿಣವಾದರೆ ಬೇಗ ಸವೆದು ಮೊಂಡಾಗುತ್ತದೆ. ಬಹಳ ಗಡುಸಾದರೆ ಕಲ್ಲಿಗೆ ಬಡಿದಾಗ ಗಾಜಿನಂತೆ ಒಡೆಯುತ್ತದೆ. ಗಡಸುತನವೂ ಬೇಕು, ಪೆಟ್ಟು ತಡೆಯುವ ಶಕ್ತಿಯೂ ಬೇಕು. ಇವೆರಡನ್ನೂ ಸರಿದೂಗಿಸುವುದೇ ತಯಾರಕರ ಜಾಣ್ಮೆ.

ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಅದರಲ್ಲಿ ಶೇಕಡ 2ರಿಂದ 4ರಷ್ಟು ಇಂಗಾಲ ಸೇರಿದ್ದರೆ ಸುಮಾರು 1200 ಡಿಗ್ರಿಗೇ ಕರಗುತ್ತದೆ. ಇದೇ ಎರಕದ ಕಬ್ಬಿಣ. ಮರಳಿನಲ್ಲಿ ಬೇಕಾದ ಆಕಾರದ ಅಚ್ಚು ಮಾಡಿ, ಕರಗಿದ ಕಬ್ಬಿಣವನ್ನು ಅದರೊಳಗೆ ಹೊಯ್ಯುತ್ತಾರೆ. ಆರಿದ ಮೇಲೆ ಮರಳು ಒಡೆದು ತೆಗೆದರೆ ಭಾಗ ಸಿದ್ಧ. ನಿಧಾನವಾಗಿ ಆರಿದರೆ ಸ್ವಲ್ಪ ಮೆದು, ಬೇಗ ಆರಿದರೆ ಬಹಳ ಗಡುಸು. ಅಚ್ಚಿನ ಒಂದು ಬದಿಗೆ ಮರಳಿನ ಬದಲು ಲೋಹದ ತುಂಡು ಇಟ್ಟರೆ ಆ ಬದಿಯಷ್ಟೇ ಬೇಗ ತಣ್ಣಗಾಗಿ ಗಡುಸಾಗುತ್ತದೆ. ನೇಗಿಲು ತಯಾರಿಸುವವರು ಕುಳಕ್ಕೆ ಈ ಉಪಾಯ ಬಳಸುವುದುಂಟು.

ಪಾಳು ನೆಲದಲ್ಲಿ ಊರು

ನೇಗಿಲಿನ ವ್ಯಾಪಾರ ನಿಧಾನವಾಗಿ ಕುದುರುತ್ತಿದ್ದ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಬೆಳಗಾವಿಯ ಪುರಸಭೆಗೆ ಊರಿನ ವಿಸ್ತರಣೆಗಾಗಿ ಅವರ ಕಾರ್ಖಾನೆಯ ಜಾಗ ಬೇಕಾಯಿತು. ಕಾರ್ಖಾನೆ ಕಿತ್ತು ಎಲ್ಲಿಗೆ ಹೋಗುವುದು? ಆಗ ನೆರವಿಗೆ ಬಂದವರು ಔಂಧ್ ಎಂಬ ಸಣ್ಣ ಸಂಸ್ಥಾನದ ರಾಜ ಭವಾನರಾವ್ ಪಂತ ಪ್ರತಿನಿಧಿ. ಅವರೂ ಚಿತ್ರಕಲೆಯ ಪ್ರೇಮಿ. ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ, ಬಡ್ಡಿ ಇಲ್ಲದೆ 10,000 ರೂಪಾಯಿ ಸಾಲವನ್ನೂ ಕೊಟ್ಟರು.

ಆ ನೆಲವೋ ಬರಡು. ತುಂಬ ಪಾಪಾಸುಕಳ್ಳಿ, ಹಾವುಗಳು. 1910ರಲ್ಲಿ ಲಕ್ಷ್ಮಣರಾಯರು ಮತ್ತು ಅವರ ಸಂಗಡಿಗರು ಕಳ್ಳಿ ಕಡಿದು, ನೆಲ ಸಮ ಮಾಡಿ ಕಾರ್ಖಾನೆ ಕಟ್ಟಿದರು. ಸುತ್ತ ಮನೆಗಳು ಎದ್ದವು. ಅದೇ ಕಿರ್ಲೋಸ್ಕರವಾಡಿ. ಭಾರತದ ಮೊದಮೊದಲ ಕೈಗಾರಿಕಾ ಪಟ್ಟಣಗಳಲ್ಲಿ ಅದೂ ಒಂದು. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ.

ಹೆಚ್ಚು ಓದಿಲ್ಲದ, ಆದರೆ ಕೈಚಳಕವಿದ್ದ ಅನೇಕರು ಅಲ್ಲಿ ಕೆಲಸ ಕಲಿತರು. ಜೈಲಿನಲ್ಲಿ ಶಿಕ್ಷೆ ಅನುಭವಿಸಿ ಬಂದವರನ್ನೂ ಲಕ್ಷ್ಮಣರಾಯರು ನಂಬಿ ರಾತ್ರಿ ಕಾವಲಿಗೆ ಇಟ್ಟುಕೊಂಡರು. ಜನ ತಮ್ಮ ಯಂತ್ರವನ್ನು ನಂಬಬೇಕು ಎಂದು ಬಯಸಿದವರು ತಾವೂ ಜನರನ್ನು ನಂಬಿದರು. ಆ ಊರಿನಲ್ಲಿ ಅಸ್ಪೃಶ್ಯತೆ ಆಚರಿಸುವಂತಿರಲಿಲ್ಲ.

ಫಿರಂಗಿ ಕರಗಿ ನೇಗಿಲಾಯಿತು

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಹೊರದೇಶದಿಂದ ಯಂತ್ರಗಳು ಬರುವುದು ಕಡಿಮೆಯಾಗಿ ಇಲ್ಲಿನ ನೇಗಿಲಿಗೆ ಬೇಡಿಕೆ ಏರಿತು. ಆದರೆ ಅದೇ ಯುದ್ಧದಿಂದಾಗಿ ಕಬ್ಬಿಣವೂ ಸಿಗದಂತಾಯಿತು. ಕೊಳ್ಳುವವರು ಬಂದಾಗ ಮಾಡಲು ಕಬ್ಬಿಣವಿಲ್ಲ!

ಆಗ ಕೊಲ್ಹಾಪುರದ ಶಾಹು ಮಹಾರಾಜರು ತಮ್ಮ ಕೋಟೆಗಳಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ಕೊಟ್ಟರು. ಕಿರ್ಲೋಸ್ಕರವಾಡಿಯ ಕುಲುಮೆಯಲ್ಲಿ ಅವು ಕರಗಿ ನೇಗಿಲುಗಳಾದವು. ಕಬ್ಬಿಣದ ಗುಣವೇ ಅಂಥದ್ದು. ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಹೊಸ ಆಕಾರ ಕೊಡಬಹುದು. ಇಂದು ನಾವು ಮರುಬಳಕೆ ಎನ್ನುವುದು ಇದನ್ನೇ.

1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಎಂಬ ಕಂಪನಿ ನೋಂದಣಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಕಬ್ಬಿಣದ ಪೀಠೋಪಕರಣ ಮೊದಲಾದವೂ ತಯಾರಾದವು. 1926ರಲ್ಲಿ ನೀರೆತ್ತುವ ಪಂಪ್ ತಯಾರಾಯಿತು.

ಈ ಪಂಪಿನ ಒಳಗೆ ಬಾಗಿದ ಎಲೆಗಳಿರುವ ಒಂದು ಚಕ್ರವಿದೆ. ಅದು ವೇಗವಾಗಿ ತಿರುಗಿದಾಗ ನೀರು ಅಂಚಿಗೆ ಚಿಮ್ಮಿ ಕೊಳವೆಯೊಳಗೆ ನುಗ್ಗುತ್ತದೆ. ನಡುವೆ ಒತ್ತಡ ಕಡಿಮೆಯಾಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ಬಾವಿಯ ನೀರನ್ನು ಮೇಲಕ್ಕೆ ತಳ್ಳುತ್ತದೆ. ಗಾಳಿಯ ಒತ್ತಡ ನೀರನ್ನು 10 ಮೀಟರಿಗಿಂತ ಸ್ವಲ್ಪವಷ್ಟೇ ಹೆಚ್ಚು ಎತ್ತರಕ್ಕೆ ತಳ್ಳಬಲ್ಲದು. ಆದ್ದರಿಂದಲೇ ಹಿಂದೆ ಆಳವಾದ ಬಾವಿಗಳಲ್ಲಿ ಪಂಪನ್ನು ಒಳಗೆ, ನೀರಿಗೆ ಹತ್ತಿರದಲ್ಲಿ ಕೂರಿಸುತ್ತಿದ್ದರು.

ಕನ್ನಡ ನಾಡಿನಲ್ಲಿ ಮತ್ತೆ

ಬೆಳಗಾವಿ ಬಿಟ್ಟು ಹೋದ ಕಿರ್ಲೋಸ್ಕರ್ ಹೆಸರು ಮತ್ತೆ ಕನ್ನಡ ನಾಡಿಗೆ ಬಂತು. 1941ರಲ್ಲಿ ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಹುಟ್ಟಿತು. ಅಲ್ಲಿ ಲೇತ್ ಯಂತ್ರಗಳು ತಯಾರಾದವು. ಲೇತ್ ಎಂದರೆ ಲೋಹದ ತುಂಡನ್ನು ತಿರುಗಿಸುತ್ತ ಕೆತ್ತಿ ಆಕಾರ ಕೊಡುವ ಯಂತ್ರ. ಬೇರೆ ಯಂತ್ರಗಳ ಭಾಗಗಳನ್ನು ಮಾಡುವುದರಿಂದ ಇದನ್ನು ಯಂತ್ರಗಳ ತಾಯಿ ಎನ್ನುತ್ತಾರೆ. ಹಲವು ದಶಕ ನಡೆದ ಆ ಕಾರ್ಖಾನೆ ಮುಂದೆ ಮುಚ್ಚಿತು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಆರಂಭವಾಗಿ ವಿದ್ಯುತ್ ಮೋಟಾರುಗಳನ್ನು ತಯಾರಿಸಿತು. ಲಕ್ಷ್ಮಣರಾಯರ ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದಿ ಬಂದು ತಂದೆಯ ಕೆಲಸವನ್ನು ಬೆಳೆಸಿದರು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷ ತುಂಬಿದ 1969ರ ಜೂನ್ 20ರಂದು ಭಾರತ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ಇಂದು ಹೆಚ್ಚಿನ ಹೊಲಗಳನ್ನು ಟ್ರ್ಯಾಕ್ಟರ್ ಉಳುತ್ತದೆ. ಇಳಿಜಾರಿನಲ್ಲಿ ಪದೇ ಪದೇ ಆಳವಾಗಿ ಉತ್ತರೆ ಮಳೆಗೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ ಎಂದು ಈಗ ತಿಳಿದಿದೆ. ಅಂದರೆ ಹೊಸ ಸಲಕರಣೆಯಿಂದ ನನ್ನ ಮಣ್ಣಿಗೆ ಏನಾಗುತ್ತದೆ ಎಂಬ ಅಂದಿನ ರೈತರ ಪ್ರಶ್ನೆ ಇಂದಿಗೂ ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವನ್ನು ಭಯದಿಂದಲ್ಲ, ಪರೀಕ್ಷೆ ಮಾಡಿ ಕಂಡುಕೊಳ್ಳಬೇಕು. ಯಂತ್ರ ಮಾಡುವವರು ಆ ಪರೀಕ್ಷೆಗೆ ಹೆದರಬಾರದು. 2 ವರ್ಷ ಕಾಯಬೇಕಾದರೂ ಕಾಯಬೇಕು. ಲಕ್ಷ್ಮಣರಾಯರು ಕಾದರು.

ಮಾಡಿ ನೋಡಿ

ಒಂದು ಆಯಸ್ಕಾಂತವನ್ನು ತೆಳುವಾದ ಕಾಗದದಲ್ಲಿ ಸುತ್ತಿ. ಒಣಗಿದ ಮಣ್ಣು ಅಥವಾ ಹಳ್ಳದ ಮರಳಿನಲ್ಲಿ ಅದನ್ನು ಆಡಿಸಿ. ಕಾಗದಕ್ಕೆ ಕಪ್ಪು ಪುಡಿ ಅಂಟಿದೆಯೇ? ಅದರಲ್ಲಿ ಕಬ್ಬಿಣದ ಅಂಶವಿದೆ. ಹೊಲ, ಕೆರೆಯಂಗಳ, ರಸ್ತೆಬದಿ ಹೀಗೆ ಬೇರೆ ಬೇರೆ ಕಡೆಯ ಮಣ್ಣಿನಲ್ಲಿ ಪ್ರಯತ್ನಿಸಿ, ಎಲ್ಲಿ ಹೆಚ್ಚು ಸಿಕ್ಕಿತು ಎಂದು ಬರೆದಿಡಿ.

ಕೇಳಿ ತಿಳಿಯಿರಿ

ನಿಮ್ಮ ಊರಿನಲ್ಲಿ ಯಾರ ಕೊಟ್ಟಿಗೆಯಲ್ಲಾದರೂ ಹಳೆಯ ಕಬ್ಬಿಣದ ನೇಗಿಲು ಇದೆಯೇ ಹುಡುಕಿ. ಕುಳ, ರೆಕ್ಕೆ, ಹಿಡಿ ಎಲ್ಲಿವೆ ಎಂದು ಗುರುತಿಸಿ ಚಿತ್ರ ಬರೆಯಿರಿ. ಕುಳವನ್ನು ಬಿಚ್ಚಲು ಬರುತ್ತದೆಯೇ ನೋಡಿ. ಊರಿಗೆ ಮೊದಲ ಸಲ ಪಂಪ್‌ಸೆಟ್, ಟ್ರ್ಯಾಕ್ಟರ್, ಬಟ್ಟೆ ಒಗೆಯುವ ಯಂತ್ರ ಬಂದಾಗ ಜನ ಏನೆಂದುಕೊಂಡಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ, ತರಗತಿಯಲ್ಲಿ ಹೇಳಿ.